ಸ್ಕೂಟರ್ ಕಲಿಸಿದವರು

ತೊಂಬತ್ತರ ದಶಕದಲ್ಲಿ ಪುಣೆಯ ಬಿಬವೇವಾಡಿಯ ಮೈದಾನದಲ್ಲಿ ನಮ್ಮಂಥ ಹೆಂಗಸರಿಗೆ ಸ್ಕೂಟರ್ ಕಲಿಸುತ್ತಿದ್ದವರು ವಿಜಾಪುರದ ಕಡೆಯ ಒಬ್ಬ ಮುಸ್ಲಿಂ ಹೆಣ್ಣುಮಗಳು. ಗುಲಾಬಿ ಸ್ಕಾರ್ಫನ್ನು ಗದ್ದದ ಕೆಳಗೆ ಪಿನ್ನು ಹಾಕಿ ಬಿಗಿದುಕೊಂಡು, ಸೀಟು ಹಿಡಿದು ನಮ್ಮ ಹಿಂದೆ ಓಡಿ ಬರುತ್ತಿದ್ದರು. ಯಾರು ಬಿದ್ದರೂ ಅವರದು ಒಂದೇ ಮಾತು: "ಹೆದರಬ್ಯಾಡ್ರಿ, ನೆಲ ಎಲ್ಲೂ ಓಡಿ ಹೋಗಂಗಿಲ್ಲ!" ಕಾಲೇಜು ಓದುವ ಅವರ ಮಗಳು ಬರಿದಲೆಯಲ್ಲೇ ಬಂದು ನೆರವಾಗುತ್ತಿದ್ದಳು.

ಒಂದು ಸಂಜೆ ಅವರ ಅಣ್ಣ ಬಂದು, ಮಗಳ ತಲೆಗೂ ಸ್ಕಾರ್ಫು ಹಾಕಿಸು ಎಂದು ಎಲ್ಲರೆದುರೇ ಗದರಿಸಿ ಹೋದರು. ಅವರು ಹೋದದ್ದೇ ತಡ, ನಮ್ಮಲ್ಲೊಬ್ಬರು, "ಈ ಕಾಲದಾಗ ನೀವರೆ ಯಾಕ ಕಟ್ಕೋತೀರಿ? ತಗದು ಒಗೀರಿ" ಎಂದರು.

ಕಲಿಸುವವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಣ್ಣ ಹಾಕ್ಸು ಅಂತಾನ, ನೀವು ತಗೀ ಅಂತೀರಿ! ಕಟ್ಕೊಂಡ್ರ ನನಗ ಛಲೋ ಅನಸ್ತದ, ಈಕಿಗೆ ಅನಸಂಗಿಲ್ಲ. ಅವರವರ ತಲಿ ಅವರವರದು ಅಲ್ಲೇನ್ರಿ?"

ಮರುವಾರ ಬುರ್ಖಾ ತೊಟ್ಟ ಹೆಂಗಸೊಬ್ಬರು ಮೈದಾನಕ್ಕೆ ಬಂದರು. ಅದೇ ಅಣ್ಣನ ಹೆಂಡತಿ! ಅವರಿಗೂ ಸ್ಕೂಟರ್ ಕಲಿಯಬೇಕಂತೆ. ಬುರ್ಖಾದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ ಕೂತರು. ತಾಯಿ ಮಗಳಿಬ್ಬರೂ ಸೀಟು ಹಿಡಿದು ಓಡಿದರು. ಅರ್ಧ ಮೈದಾನ ದಾಟುವಷ್ಟರಲ್ಲಿ ಆಕೆ ಖುಷಿಯಿಂದ ಕೂಗಿದರು:

"ಇನ್ನ ಕೈ ಬಿಡ್ರಿ, ನಾನೇ ಹೋಗ್ತೀನಿ!"