ಫ್ರಿಜ್ಜಿನೊಳಗಿನ ಚಳಿಗಾಲ

ಸಿಂಗಪುರದ ಬೂನ್ ಲೇ ಬಡಾವಣೆಯ ಬ್ಲಾಕೊಂದರ ನೆಲಮಹಡಿಯಲ್ಲಿದ್ದ ಜಯಾ ಸೇಡು ತೀರಿಸಿಕೊಳ್ಳಲೆಂದೇ ಮಣ್ಣಿಗೆ ಕೈಹಾಕಿದವಳು. ಹೂವಿನ ಮೇಲಿನ ಪ್ರೀತಿ ಗೀತಿ ಎಲ್ಲ ಆಮೇಲಿನ ಮಾತು. ಮೈಸೂರಿನಿಂದ ಗಂಡನ ಜೊತೆ ಬಂದು, ಆತ ತೀರಿಕೊಂಡ ಮೇಲೂ ಕಾರ್ಖಾನೆಯ ಕೆಲಸ ಬಿಡದೆ ಇಲ್ಲೇ ನಿಂತಿದ್ದಳು. ೧೯೯೪ರ ವರಮಹಾಲಕ್ಷ್ಮಿ ಹಬ್ಬಕ್ಕೆ ಐದನೇ ಮಹಡಿಯ ಶೋಭಾ ಕರೆದಳೆಂದು ಹೋದಳು. ಸಾಲಾಗಿ ಕೂತವರಿಗೆಲ್ಲ ಅರಿಶಿನ ಕುಂಕುಮ, ಹೂವು ಕೊಡುತ್ತಾ ಬಂದ ಶೋಭಾ, ಜಯಾಳ ಮುಂದೆ ತಟ್ಟೆಯನ್ನು ಹಿಂದಕ್ಕೆಳೆದುಕೊಂಡಳು.

"ನಿಮಗೆ ಹೂವು ಬೇಡ ಅಲ್ವಾ ಜಯಾ? ತಪ್ಪು ತಿಳ್ಕೋಬೇಡಿ, ಬಾಳೆಹಣ್ಣು ತಗೊಳ್ಳಿ."

ಉಳಿದವರು ನೆಲ ನೋಡಿದರು. ಜಯಾ ಎದ್ದು ಹೊರಬಂದಳು. ಬಾಳೆಹಣ್ಣನ್ನು ಲಿಫ್ಟಿನ ಪಕ್ಕದ ಕಸದ ಡಬ್ಬಿಗೆ ಎಸೆದಳು. ಈ ಊರಲ್ಲಿ ಯಾರ ಕೈಲೂ ಆಗದ ಹೂವು ಬೆಳೆಯಬೇಕು, ಶೋಭಾಳೇ ಬಂದು ಕೈಚಾಚಬೇಕು, ಆಗ ಇಲ್ಲ ಅನ್ನಬೇಕು. ಅಷ್ಟೇ ಅವಳ ಹಟ.

ಶೋಭಾ ಲಂಡನ್ನಿನಲ್ಲಿ ಕಂಡ ಪಾಪ್ಪಿ ಹೂಗಳನ್ನು ಹೊಗಳಿದ್ದು ನೆನಪಿತ್ತು. ಗಸಗಸೆಯ ಬಳಗದ ಗಿಡ. ಒಮ್ಮೆ ಬೇರೂರಿದರೆ ವರ್ಷ ವರ್ಷವೂ ಹೂ ಬಿಡುವಂಥದ್ದು. ಅಡುಗೆಮನೆಯ ಕಿಟಕಿಯ ಕೆಳಗೆ, ದಿನವಿಡೀ ಬಿಸಿಲು ಬೀಳುವ ಪಟ್ಟಿಯಲ್ಲಿ ಕುಂಡಗಳನ್ನಿಟ್ಟು ಬೀಜ ಹಾಕಿದಳು. ಮೊಳೆತವು, ಹೆಚ್ಚಿನವು ಬಾಡಿದವು, ಕೊಳೆತವು. ಎರಡು ವರ್ಷ ಇದೇ ಕಥೆ. ಚಳಿಗಾಲ ಕಾಣದೆ ಈ ಗಿಡ ಹೂ ಬಿಡದು ಎಂದು ಲೈಬ್ರರಿಯ ಪುಸ್ತಕವೊಂದರಲ್ಲಿ ಓದಿದಳು. ಸರಿ, ಬದುಕುಳಿದ ಗಿಡಗಳನ್ನು ಕುಂಡದ ಸಮೇತ ಫ್ರಿಜ್ಜಿನಲ್ಲಿ ಕೂರಿಸಿದಳು. ಎರಡು ತಿಂಗಳು ಹಾಲು, ಸೊಪ್ಪು ದಿನಾ ತಂದು ದಿನಾ ಮುಗಿಸಿದಳು.

೧೯೯೭ರ ಆಗಸ್ಟಿನಲ್ಲಿ, ಮತ್ತೆ ಬಿಸಿಲಿಗಿಳಿಸಿದ ಗಿಡದಲ್ಲಿ ಒಂದೇ ಒಂದು ಹೂವು ಅರಳಿತು. ಅಂಗೈಯಗಲ, ಕಡುಗೆಂಪು. ಹಬ್ಬದ ಬೆಳಿಗ್ಗೆಯೇ ಮೇಲಿನಿಂದ ಹೂವು ಕಂಡ ಶೋಭಾ ತಟ್ಟೆ ಹಿಡಿದು ಇಳಿದು ಬಂದಳು. ಜೊತೆಗೆ ಪಕ್ಕದ ಬ್ಲಾಕಿನ ಶ್ರೀವಿದ್ಯಾ.

"ಅಯ್ಯೋ, ಪಾಪ್ಪಿ! ಈ ಹೀಟಲ್ಲಿ ಹೇಗೆ ಸರ್ವೈವ್ ಆಯ್ತು ಜಯಾ? ಕಳಶಕ್ಕೆ ಇಡ್ತೀನಿ, ಕೊಡಿ ಪ್ಲೀಸ್," ಅಂದಳು ಶೋಭಾ.

ಮೂರು ವರ್ಷ ಬಾಯಿಪಾಠ ಮಾಡಿಟ್ಟಿದ್ದ 'ಇಲ್ಲ' ನಾಲಿಗೆಯ ತುದಿಗೆ ಬಂತು. ಅಷ್ಟು ಸಾಲದು ಅನ್ನಿಸಿತು. ಬಗ್ಗಿ ಹೂವನ್ನು ಕಿತ್ತಳು. ಶೋಭಾ ತಟ್ಟೆ ಚಾಚಿದಳು. ಜಯಾ ಕೈಯೆತ್ತಿ ಹೂವನ್ನು ತನ್ನ ಜಡೆಗೇ ಸಿಕ್ಕಿಸಿಕೊಂಡಳು.

"ಹೇಗಿದೆ, ಹೇಳಿ."

ಶೋಭಾ ತಟ್ಟೆಯನ್ನು ಹಿಂದಕ್ಕೆಳೆದುಕೊಂಡಳು. ಅಂದು ನೆಲ ನೋಡಿ ಕೂತವರಲ್ಲಿ ಒಬ್ಬಳಾಗಿದ್ದ ಶ್ರೀವಿದ್ಯಾ, "ನಿಮಗೆ ತುಂಬಾ ಒಪ್ಪುತ್ತೆ" ಅಂದಳು. ಶೋಭಾ ಅವಳತ್ತ ತಿರುಗಿ ನೋಡಿದ ನೋಟವಿದೆಯಲ್ಲ, ಅದನ್ನು ಜಯಾ ಹೊಟ್ಟೆ ತುಂಬ ಉಂಡಳು. ಬಾಗಿಲಿಗೆ ಬೀಗ ಹಾಕಿ ಡ್ಯೂಟಿಗೆ ಹೊರಟಳು. ಬಸ್ ಸ್ಟಾಪ್ ಸೇರುವಷ್ಟರಲ್ಲಿ ಎಸಳುಗಳು ಉದುರತೊಡಗಿದವು. ಅವಳು ಒಂದನ್ನೂ ಹೆಕ್ಕಲಿಲ್ಲ.