ಅಪ್ಪನ ನಂಬಿಕೆಯಿಂದ ಶುರುವಾದ ಲೆಕ್ಕ

ಗೆಳೆಯರೇ, ಇವತ್ತು ತಿಳವಳ್ಳಿಯ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪ್ ಎದುರು ಕುಣಿದೇಬಿಟ್ಟೆ. ಪರೀಕ್ಷೆಗೆ ಮುಂಚೆ ಹಾಡಿದರೆ ಮಕ್ಕಳ ಭಯ ಕಡಿಮೆಯಾಗುತ್ತದೆಯೇ ಎಂಬುದು ನನ್ನ ಮನೋವಿಜ್ಞಾನ ಸಂಶೋಧನೆಯ ಪ್ರಶ್ನೆ. ಮಕ್ಕಳಿಂದ ಪಡೆದ ಮಾಹಿತಿಯ ಲೆಕ್ಕ ಹಾಕಲು ಹೋದರೆ ವಾರಗಟ್ಟಲೆ ಬರೀ ತಪ್ಪು ತೋರಿಸುತ್ತಿದ್ದ ಸಾಫ್ಟ್‌ವೇರ್ ಇವತ್ತು ಸರಿಯಾಗಿ ಓಡಿ, ಭಯ ಕಡಿಮೆಯಾಗುವ ಸಾಧ್ಯತೆಯೇ ಬಹಳ ಎಂದಿತು.

ನಿವೃತ್ತ ಮಾಸ್ತರರಾದ ಅಪ್ಪ ಒಪ್ಪಲಿಲ್ಲ. "ಹಾಡಿದ್ರ ಅಂಜಿಕಿ ಹೋಗ್ತದೇನು? ನಿನಗ ಬೇಕಾದಂಗ ಹೇಳಿಸಿರಬೇಕು ನೀ."

"ಇಲ್ಲಪ್ಪಾ, ಈ ಬೇಸಿಯನ್ ಲೆಕ್ಕದಾಗ ಮದಲ ನಮ್ಮ ನಂಬಿಕಿ ಏನಂತ ಹೇಳಬೇಕು. ಆಮ್ಯಾಲೆ ಸಿಕ್ಕ ಮಾಹಿತಿ ನೋಡಿ ಲೆಕ್ಕ ಆ ನಂಬಿಕೀನ ತಿದ್ದತೈತಿ. ಹಾಡಿದ್ರ ಏನೂ ಆಗಂಗಿಲ್ಲ ಅಂತ ನಿಮ್ಮ ನಂಬಿಕೀನ ಕೊಟ್ಟಿದ್ದೆ. ಅಂಜಿಕಿ ಎಷ್ಟೈತಿ ಅಂತ ಮಕ್ಕಳು ಕೊಟ್ಟ ಉತ್ತರ ನೋಡಿದ ಮ್ಯಾಲೆ ಅದು ಬದಲಾತು."

ರೊಟ್ಟಿ ಬಡಿಯುತ್ತಿದ್ದ ಅವ್ವ ತಿರುಗಿದಳು. "ಏನಂದಿ? ನಿಮ್ಮಪ್ಪನ ನಂಬಿಕಿ ಬದಲಾತಾ? ಆ ಮಷಿನ್ ಇಲ್ಲೇ ಬಿಟ್ಟು ಹೋಗವಾ!"

ಅಪ್ಪನಿಗೂ ನಗು ತಡೆಯಲಾಗಲಿಲ್ಲ. ಕನ್ನಡಕ ಏರಿಸಿಕೊಂಡು ಪಕ್ಕದಲ್ಲಿ ಕುಳಿತರು. ತೆರೆಯ ಮೇಲಿನ ಒಂದೊಂದು ಗೆರೆಯನ್ನೂ ಕೇಳಿ ಕೇಳಿ ತಿಳಿದುಕೊಂಡರು. ಕಡೆಗೆ ಬಹಳ ಗಂಭೀರವಾಗಿ ಹೇಳಿದರು: "ನಾ ಮದಲಿಂದ ಇದನ್ನ ಹೇಳಾಕತ್ತಿದ್ದೆ."

ಇಂಥ ಮನಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಸಾಫ್ಟ್‌ವೇರ್ ಇದ್ದರೆ ಗೊತ್ತಿದ್ದವರು ತಿಳಿಸಿ.