ಗೀಟು ಎಳೆದ ಆ ವಾರ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹಲಸೂರಿನ ಒಂದು ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ರಾಯಚೂರು ಕಡೆಯ ಗೆಳತಿಯೊಬ್ಬಳೂ ನಾನೂ ಜೋಗುಪಾಳ್ಯದಲ್ಲಿ ಕೋಣೆ ಹಿಡಿದಿದ್ದೆವು. ಕೆಲಸವೂ ಒಂದೇ ಕಡೆ, ಕೆಳಗಿನ ಹೆಂಗಸರ ವಾರ್ಡಿನಲ್ಲಿ. ಮಧ್ಯಾಹ್ನ ಅವಳ ಡಬ್ಬಿಯ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ಅರ್ಧ ನನ್ನದೇ.

ನಮ್ಮಲ್ಲಿ ಹಾಸಿಗೆ ಲೆಕ್ಕದ ಮೇಲೆ ನರ್ಸುಗಳನ್ನು ಹಂಚುತ್ತಿದ್ದರು. ಮಹಡಿಯ ಗಂಡಸರ ವಾರ್ಡಿನಲ್ಲಿ ಹಾಸಿಗೆ ಕಮ್ಮಿ, ಹಾಗಾಗಿ ಅಲ್ಲಿಗೆ ಒಬ್ಬಳೇ. ಆ ನರ್ಸು ಒಂದು ದಿನ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟಳು. ಅದನ್ನು ಕಂಡ ನಮ್ಮ ಮೇಟ್ರನ್ ನನ್ನನ್ನು ಕರೆದರು. ಅವರು ದಂಡು, ಅಂದರೆ ಕಂಟೋನ್ಮೆಂಟ್ ಕಡೆಯವರು, ಮನೆಮಾತು ತಮಿಳು.

"ಒಂದ್ ವಾರ ಎರಡೂ ವಾರ್ಡ್ ನೋಡಿ ಬರೀಮ್ಮಾ. ತಾನೇ ನಡೆಯೋರಿಗೆ ಒಂದ್ ಗೀಟು, ಕೈ ಹಿಡೀಬೇಕಾದೋರಿಗೆ ಎರಡು, ಮಗ್ಗುಲೂ ನಾವೇ ತಿರುಗಿಸ್ಬೇಕಾದೋರಿಗೆ ಮೂರು. ಸುಳ್ಳು ಬರೀಬೇಡ."

ಮೇಲೆಲ್ಲ ಲಕ್ವ ಹೊಡೆದವರು, ಸೊಂಟ ಮುರಿದವರು. ಒಬ್ಬ ಅಜ್ಜನಿಗೆ ಗಂಜಿ ಕುಡಿಸಲು ಅರ್ಧ ಗಂಟೆ. ಅಷ್ಟರಲ್ಲಿ ಪಕ್ಕದವರ ಹಾಸಿಗೆ ಒದ್ದೆ. ಪುಟದ ತುಂಬ ಮೂರು ಗೀಟು. ನಮ್ಮ ವಾರ್ಡು ಭರ್ತಿಯಾಗಿದ್ದರೂ ಹೆಚ್ಚಿನವರು ತಾವೇ ತಲೆ ಬಾಚಿಕೊಂಡು ವರಾಂಡದಲ್ಲಿ ಹರಟುತ್ತಿದ್ದರು. ಕೆಳಗಿನ ನಮ್ಮಲ್ಲೊಬ್ಬಳನ್ನು ಮೇಲಕ್ಕೆ ಕಳಿಸುತ್ತಾರೆಂದು ಮೂರನೆಯ ದಿನಕ್ಕೇ ನನಗೆ ಗೊತ್ತಾಯಿತು. ನಮ್ಮ ವಾರ್ಡಿನವರಿಗೆ ಒಂದೆರಡು ಗೀಟು ಹೆಚ್ಚು ಎಳೆದರೆ ಯಾರಿಗೆ ತಿಳಿಯುತ್ತಿತ್ತು? ಹಾಳೆಯ ಮೇಲೆ ಪೆನ್ನು ಇಟ್ಟೆ ಕೂಡ. ಅಜ್ಜನ ಗದ್ದದ ಮೇಲೆ ಇಳಿಯುತ್ತಿದ್ದ ಗಂಜಿ ನೆನಪಾಗಿ, ಗೀಟೆಳೆಯದೆ ಎತ್ತಿಬಿಟ್ಟೆ.

ಗೀಟುಗಳ ಲೆಕ್ಕ ನೋಡಿ ಮೇಟ್ರನ್ ಮರುವಾರವೇ ಗೆಳತಿಯನ್ನು ಮಹಡಿಗೆ ಹಾಕಿದರು.

"ನೀನs ಎಣಿಸಿ ನನ್ನ ಮ್ಯಾಲಕ್ಕ ಕಳಿಸಿದಿ," ಎಂದಳು. ಎರಡು ದಿನ ನನ್ನನ್ನು ಬಿಟ್ಟು ಒಬ್ಬಳೇ ಕೆಲಸಕ್ಕೆ ಹೊರಟಳು. ಮೂರನೆಯ ದಿನ ಕೋಣೆಗೆ ಬಂದು, ಕಾಲು ಚಾಚಿ ಗೋಡೆಗೆ ಒರಗಿದಳು. "ಖರೇನs ಅಲ್ಲಿ ಮಂದಿ ಬೇಕಿತ್ತವಾ. ಅಕಿ ಒಬ್ಬಾಕಿನs ಇಷ್ಟು ದಿನ ಹೆಂಗ ಮಾಡಿದ್ಲು?"

ನನಗೆ ಅಳು ಬಂತು. ಅವಳೇ ಎದ್ದು ಚಹಾ ಮಾಡಿದಳು.

ಮೇಲೆ ಉಣ್ಣಿಸುವ ಹೊತ್ತು ತಪ್ಪುವಂತಿರಲಿಲ್ಲವಾದ್ದರಿಂದ ಮಧ್ಯಾಹ್ನದ ಜೊತೆಯೂಟ ನಿಂತೇ ಹೋಯಿತು. ಪಾಳಿ ಮುಗಿಸಿ ಹಲಸೂರಿನ ಸಂದಿಗಳಲ್ಲಿ ನಡೆದು ಬರುವಾಗ ಮಾತ್ರ ಅವಳು ನನ್ನವಳು. ಮೂರು ಗೀಟಿನವರೊಬ್ಬರು ಎರಡಕ್ಕೆ ಬಂದ ದಿನ ದಾರಿಯುದ್ದಕ್ಕೂ ಅದೇ ಮಾತು. ವರ್ಷದ ಮೇಲೆ ಮೇಟ್ರನ್, ಕೆಳಗೆ ಬರ್ತೀಯಾ ಎಂದು ಕೇಳಿದಾಗ ಅವಳು ಒಲ್ಲೆನೆಂದಳು. ನನಗೆ ಆ ಮಹಡಿಯವರ ಮೇಲೆ ಹೊಟ್ಟೆಕಿಚ್ಚಾಯಿತು, ಅವಳ ಬಗ್ಗೆ ಹೆಮ್ಮೆಯೂ ಆಯಿತು.